ನಾಲ್ಕನೇ ತಟ್ಟೆಯ ಬೀಜ

ಹಾಲಸ್ವಾಮಿ ಸೈಕಸ್ ಗಿಡವನ್ನು ಬೋಳಿಸಿಬಿಟ್ಟಿದ್ದ. ಕಾಲೇಜಿನ ಗೇಟು ದಾಟುತ್ತಿದ್ದಂತೆ ಶರಾವತಿಯ ಕಣ್ಣಿಗೆ ಬಿದ್ದದ್ದೇ ಅದು, ಬಿದ್ದದ್ದೇ ತಡ ಮೈಯೆಲ್ಲ ಉರಿದುಹೋಯಿತು. ಬಾಟನಿ ಪ್ರಾಕ್ಟಿಕಲ್ ಪರೀಕ್ಷೆಯ ದಿನ, ಹೊರಗಿನ ಪರೀಕ್ಷಕರು ಹತ್ತಕ್ಕೆಲ್ಲ ಬಂದು ಕೂರುವ ದಿನ, ಬೇರೆ ಯಾವ ದಿನವೂ ಸಿಗಲಿಲ್ಲವೇ ಈ ಪುಣ್ಯಾತ್ಮನಿಗೆ. ಶಿವಮೊಗ್ಗದಿಂದ ಭದ್ರಾವತಿಯವರೆಗೆ ನಿಂತೇ ಬಂದಿದ್ದಳು. ಯಾರದೋ ಟಿಫಿನ್ ಕ್ಯಾರಿಯರ್ ದಾರಿಯುದ್ದಕ್ಕೂ ಮೊಣಕಾಲಿಗೆ ಬಡಿದು ಸೀರೆಯ ನಿರಿಗೆಯ ಮೇಲೆ ಸಾರಿನ ಕಲೆ ಮಾಡಿತ್ತು, ಕೇಳಿದರೆ ಆ ಮನುಷ್ಯ ಇವಳೇ ಬಂದು ಕ್ಯಾರಿಯರಿಗೆ ಗುದ್ದಿದವಳೋ ಎಂಬಂತೆ ಮುಖ ಮಾಡಿದ್ದ. ಬೆಳಿಗ್ಗೆ ರವೀಂದ್ರನಗರದ ಮನೆಯಲ್ಲಿ ಗಂಡ ಸುದರ್ಶನ, ಇಷ್ಟು ವರ್ಷದಿಂದ ಮಾಡಿದ್ದೇ ಪರೀಕ್ಷೆ, ಇವತ್ತು ಯಾಕೆ ಹೀಗೆ ಸಿಡಿಮಿಡಿ ಅಂತೀಯ ಮಾರಾಯ್ತಿ, ಎಂದು ಪೇಪರಿನಿಂದ ತಲೆಯೆತ್ತದೆ ಕೇಳಿದ್ದ. ಅವಳು ಚಪ್ಪಲಿ ಮೆಟ್ಟಿ ಹೊರಟುಬಿಟ್ಟಿದ್ದಳು. ಉತ್ತರ ಗೊತ್ತಿದ್ದರಿಂದಲೇ ಹೊರಟಿದ್ದಳು.

"ನಿನ್ನೆ ಸನ್ಮಾನದ ಸ್ಟೇಜಿಗೆ ಕಮಾನು ಕಟ್ಬೇಕಿತ್ತಲ್ಲ ಮೇಡಂ, ಪ್ರಿನ್ಸಿಪಾಲ್ರೇ ಹೇಳಿದ್ರು," ಎಂದ ಹಾಲಸ್ವಾಮಿ. ಲ್ಯಾಬಿನ ಅಟೆಂಡರ್ ಅವನು, ಅವಳಿಗಿಂತ ಎರಡು ವರ್ಷ ಮೊದಲೇ ಈ ಕಾಲೇಜಿಗೆ ಸೇರಿದವನು, ಆ ಎರಡು ವರ್ಷವನ್ನು ಎಂದೂ ಮರೆಯದವನು. "ನಿಮ್ಗೆ ಬೇಕಾಗ್ತದೆ ಅಂತ ಎರಡು ಗರಿ ಬಿಟ್ಟಿದೀನಿ."

"ಎರಡು ಗರಿ ಇಟ್ಕೊಂಡು ನಾನೇನು ಗಾಳಿ ಬೀಸ್ಕೊಳ್ಳೋದಾ?"

"ಚಿಗುರ್ತದೆ ಬಿಡಿ ಮೇಡಂ."

ಚಿಗುರುತ್ತದೆ, ಯಾಕೆ ಚಿಗುರುವುದಿಲ್ಲ. ವರ್ಷಕ್ಕೊಂದು ಸಲ, ಅದಕ್ಕೆ ಮನಸ್ಸು ಬಂದಾಗ, ಒಂದು ಸುತ್ತು ಗರಿ ಬಿಡುತ್ತದೆ. ಹೂವು ಎಂಬುದೇ ಹುಟ್ಟುವ ಮೊದಲಿನ ಕಾಲದ್ದು, ಅದಕ್ಕೇನು ಅವಸರ. ಮೇಣ ಬಳಿದಂಥ ಗಟ್ಟಿ ಎಲೆ, ಒಂದು ಹನಿ ನೀರೂ ವ್ಯರ್ಥವಾಗದಂತೆ ಗುಂಡಿಯೊಳಗೆ ಅಡಗಿಸಿಟ್ಟ ಉಸಿರಿನ ರಂಧ್ರ, ಬೇರಿನಲ್ಲಿ ಕೆಲವು ಭೂಮಿಯ ಕಡೆ ಇಳಿಯದೆ ಮೇಲಕ್ಕೇ ಹತ್ತಿಬರುವಷ್ಟು ಹಟ. ಇದನ್ನೆಲ್ಲ ಹೇಳುವಾಗ ಒಂದು ಕಾಲದಲ್ಲಿ ಅವಳ ಧ್ವನಿಯೇ ಬೇರೆಯಾಗುತ್ತಿತ್ತು. ಈಗ ಗರಿಗಳೆಲ್ಲ ಹೋಗಿ ನಡುವಿನ ನೆತ್ತಿ ಬಯಲಾಗಿತ್ತು, ಅಲ್ಲಿ ಕಂದು ಬಣ್ಣದ ಮೋಟು ಎಲೆಗಳಂಥವು ಸುತ್ತುಗಟ್ಟಿ, ಅವುಗಳ ಅಂಚಿನಲ್ಲಿ ನಿಂಬೆಗಾತ್ರದ ಕಿತ್ತಳೆ ಬಣ್ಣದ ಉಂಡೆಗಳು ಯಾವ ಹೊದಿಕೆಯೂ ಇಲ್ಲದೆ ಕೂತಿದ್ದವು. ಮಾವಿಗೆ, ಹಲಸಿಗೆ ಇರುವಂತೆ ಸುತ್ತ ಕಾಯಿಯ ಗೋಡೆ ಇವಕ್ಕಿಲ್ಲ. ಜಿಮ್ನೋಸ್ಪರ್ಮ್ ಎಂದರೆ ಬತ್ತಲೆ ಬೀಜ, ಬರೆದುಕೊಳ್ಳಿ, ಎನ್ನುತ್ತಿದ್ದಳು. ಹಿಂದಿನ ಬೆಂಚಿನ ಹುಡುಗರು ಪ್ರತಿ ವರ್ಷವೂ ಅದೇ ಜಾಗದಲ್ಲಿ ನಗುತ್ತಿದ್ದರು. ಪ್ರತಿ ವರ್ಷವೂ ಅವಳು ಕೇಳಿಸದವಳಂತೆ ಮುಂದಕ್ಕೆ ಹೋಗುತ್ತಿದ್ದಳು. ಈ ಸಲ ಮಾತ್ರ ಆ ನಗು ತನ್ನ ಪಾಲಿಗೂ ಒಂದಿಷ್ಟು ಇರಲಿ ಎಂದು ಅನ್ನಿಸಿಬಿಟ್ಟಿತ್ತು.

ಹಾಲಸ್ವಾಮಿ ಕಿತ್ತುಕೊಟ್ಟ ಉಂಡೆಯೊಂದನ್ನು ಗಾಜಿನ ತಟ್ಟೆಯಲ್ಲಿಟ್ಟು ಅದರ ಕೆಳಗೆ ನಾಲ್ಕು ಎಂದು ಬರೆದ ಚೀಟಿ ಅಂಟಿಸಿದಳು. ಒಂದರಲ್ಲಿ ಪೈನಿನ ಸೂಜಿ ಎಲೆ, ಎರಡರಲ್ಲಿ ನೀಟಮ್ಮಿನ ಬಳ್ಳಿ, ಮೂರರಲ್ಲಿ ಸೈಕಸ್ಸಿನ ಗಂಡು ಕೋನು. ಈ ಕೋನು ಫಾರ್ಮಲಿನ್ ತುಂಬಿದ ಜಾಡಿಯಲ್ಲಿ ಇವಳಿಗಿಂತ ಮೊದಲಿನಿಂದಲೂ ನಿಂತಿದೆ, ಯಾರೋ ಎಂದೋ ಬೆಂಗಳೂರಿಗೆ ಟೂರು ಹೋದಾಗ ತಂದದ್ದು, ಈಗ ಮುದಿ ಜೋಳದ ತೆನೆಯಂತೆ ಬಿಳಿಚಿಕೊಂಡಿದೆ. ಪರೀಕ್ಷೆಯ ಮಕ್ಕಳು ಒಂದೊಂದು ತಟ್ಟೆಯ ಮುಂದೂ ಮೂರು ನಿಮಿಷ ನಿಂತು, ಅದೇನೆಂದು ಗುರುತಿಸಿ, ಕಾರಣ ಬರೆಯಬೇಕು. ತಟ್ಟೆಗೆ ಎರಡು ಅಂಕ. ನಾಲ್ಕನೇ ತಟ್ಟೆಗೆ ಉತ್ತರ: ಸೈಕಸ್ ಬೀಜ. ಹಾಗೆಂದು ಅವಳೇ ಬರೆದ ಪ್ರಾಕ್ಟಿಕಲ್ ಮ್ಯಾನ್ಯುಯಲ್‌ನ ನಲವತ್ತೊಂದನೇ ಪುಟದಲ್ಲಿ ಚಿತ್ರಸಮೇತ ಇದೆ. ಸುತ್ತಮುತ್ತ ಐದು ಕಾಲೇಜುಗಳಲ್ಲಿ ಅದನ್ನೇ ಓದುತ್ತಾರೆ, ಮುಂದಿನ ತಿಂಗಳು ಪರಿಷ್ಕೃತ ಮುದ್ರಣ ಬರುವುದಿದೆ. ತಟ್ಟೆಯನ್ನು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಇದರ ಬದಲು ಉಂಡೆ ಹೊತ್ತ ಆ ಮೋಟು ಹೆಣ್ಣೆಲೆಯೊಂದನ್ನೇ ಇಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಇಡಬಹುದಿತ್ತು ಎಂದು ಗೊತ್ತಿದ್ದೂ ಇದನ್ನೇ ಇಟ್ಟದ್ದು ಹಟಕ್ಕೋ ಹೆದರಿಕೆಗೋ ಅವಳಿಗೇ ತಿಳಿಯಲಿಲ್ಲ. ಹತ್ತೊಂಬತ್ತು ವರ್ಷ ಇಟ್ಟಿದ್ದನ್ನು ಇವತ್ತು ತೆಗೆದರೆ ತೆಗೆದದ್ದಕ್ಕೆ ಕಾರಣ ತನಗೆ ತಾನೇ ಹೇಳಿಕೊಳ್ಳಬೇಕಾಗುತ್ತಿತ್ತು.

ಮೇಡಂ, ಗಂಡು ಮರ ಎಲ್ಲಿದೆ, ಎಂದು ಶೀತಲ್ ಎದ್ದು ನಿಂತು ಕೇಳಿದ್ದು ಸೆಪ್ಟೆಂಬರಿನಲ್ಲಿ. ಹೊಳೆಹೊನ್ನೂರಿನಿಂದ ಬರುವ ಹುಡುಗಿ, ಎರಡು ಜಡೆಯ ಕಾಲ ಮುಗಿದಿದ್ದರೂ ಎರಡು ಜಡೆ ಹಾಕುವವಳು. ಅವರಮ್ಮ ಲಿಂಗಮ್ಮ ಅಲ್ಲಿನ ಸಸಿ ನರ್ಸರಿಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬಿ ಬೀಜ ಹಾಕುವ ಕೆಲಸದವಳೆಂದು ಮಾತ್ರ ಗೊತ್ತಿತ್ತು. ಹುಡುಗಿ ಕೇಳಿದ್ದರಲ್ಲಿ ತಪ್ಪೇನಿತ್ತು. ಸೈಕಸ್ಸಿನಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ಎಂದು ಹತ್ತು ನಿಮಿಷದ ಹಿಂದಷ್ಟೇ ಇವಳೇ ಹೇಳಿದ್ದಳು. ಇಲ್ಲಿ ಹೆಣ್ಣೊಂದೇ ಇದ್ದರೆ ಬೀಜ ಹೇಗಾಯಿತು ಎಂದು ಆ ಹುಡುಗಿಗೆ ಅನ್ನಿಸಿದ್ದು ಸಹಜ. ಆದರೆ ಅಂದು ಮಧ್ಯಾಹ್ನ ಪವರ್ ಇರಲಿಲ್ಲ, ಫ್ಯಾನ್ ನಿಂತಿತ್ತು, ಪ್ರಿನ್ಸಿಪಾಲರು ಅರ್ಧ ಗಂಟೆ ಮೊದಲು ಎಲ್ಲರೆದುರು ಅಟೆಂಡೆನ್ಸ್ ಅಪ್‌ಲೋಡ್ ಮಾಡಲು ಬಾರದವಳೆಂದು ಛೇಡಿಸಿದ್ದರು. "ನಿನಗ್ಯಾಕಮ್ಮ ಈಗ್ಲೇ ಗಂಡಿನ ಚಿಂತೆ? ಡಿಗ್ರಿ ಮುಗೀಲಿ, ನಿಮ್ಮಮ್ಮ ಹುಡುಕ್ತಾರೆ," ಎಂದುಬಿಟ್ಟಿದ್ದಳು. ಎಂಥ ನಗು ಎದ್ದಿತು ಆಗ. ಇಷ್ಟು ವರ್ಷದಲ್ಲಿ ಇವಳ ಮಾತಿಗೆ ಮಕ್ಕಳು ಹಾಗೆ ನಕ್ಕದ್ದೇ ಇಲ್ಲ, ನಾಚಿಕೆಯಿಲ್ಲದೆ ಇವಳಿಗೆ ಒಂದು ಕ್ಷಣ ಖುಷಿಯೂ ಆಗಿತ್ತು. ಮರುದಿನದಿಂದ ನಿಶಾಂತ್ ಎಂಬವನು ಮುಂದಾಗಿ ಹುಡುಗರು ಆ ಹುಡುಗಿಯನ್ನು ಗಂಡುಮರ ಎಂದು ಕರೆಯತೊಡಗಿದರೆಂದು ಹಾಲಸ್ವಾಮಿ ಹೇಳಿದ. ಮೂರು ವಾರ ಹುಡುಗಿ ಪ್ರಾಕ್ಟಿಕಲ್ಲಿಗೆ ಬರಲಿಲ್ಲ. ಬಂದ ಮೇಲೆ ಬಾಯಿ ತೆರೆಯಲಿಲ್ಲ.

ಶೀತಲ್ ಕೇಳಿದ ಆ ದಿನ ಸಂಜೆ ಬಸ್ಸು ರೈಲ್ವೆ ಗೇಟಿನಲ್ಲಿ ನಿಂತಾಗಲೇ ಇವಳಿಗೆ ಗೊತ್ತಾಗಿಹೋಗಿತ್ತು. ಥಿಯರಿ ಕ್ಲಾಸಿನಲ್ಲಿ ಎಷ್ಟು ಚೆನ್ನಾಗಿ ಹೇಳುತ್ತಿದ್ದಳು: ಹೂ ಬಿಡುವ ಗಿಡಗಳದ್ದು ಜಾಣತನ, ಗರ್ಭ ಕಟ್ಟಿದ ಮೇಲೆಯೇ ಬೀಜದೊಳಗೆ ಆಹಾರ ತುಂಬಲು ಶುರುಮಾಡುತ್ತವೆ, ಜಿಮ್ನೋಸ್ಪರ್ಮ್ ಹಾಗಲ್ಲ, ಬರುತ್ತದೋ ಇಲ್ಲವೋ ಗೊತ್ತಿಲ್ಲದ ಮಗುವಿಗೆ ಮೊದಲೇ ಬುತ್ತಿ ಕಟ್ಟಿಡುತ್ತದೆ. ಸೈಕಸ್ಸಿನ ಪರಾಗ ಗಾಳಿಯಲ್ಲೋ ದುಂಬಿಯ ಮೈಮೇಲೋ ಎಷ್ಟು ದೂರದಿಂದ ಒಣಗಿಕೊಂಡು ಬಂದರೂ ಕೊನೆಯ ಗಳಿಗೆಯಲ್ಲಿ ಅದರೊಳಗಿನ ಗಂಡು ಕಣ ಒಂದು ಹನಿ ನೀರಿನಲ್ಲಿ ಈಜಿಯೇ ಅಂಡವನ್ನು ಮುಟ್ಟಬೇಕು, ನೀರು ಬಿಟ್ಟು ನೆಲಕ್ಕೆ ಬಂದು ಕೋಟಿಗಟ್ಟಲೆ ವರ್ಷವಾದರೂ ಹಳೆಯ ಚಾಳಿ ಬಿಟ್ಟಿಲ್ಲ. ಪರಾಗ ಬರದಿದ್ದರೂ ಅಂಡಕ ಬುತ್ತಿ ತುಂಬಿಕೊಂಡು ಊದುತ್ತದೆ, ಬಣ್ಣ ಬರುತ್ತದೆ, ನೋಡುವವರಿಗೆ ಬೀಜವೇ. ಇದನ್ನು ಬೆಳಿಗ್ಗೆ ಎಂಟೂವರೆಯ ಥಿಯರಿಯಲ್ಲಿ ಹೇಳಿ, ಮಧ್ಯಾಹ್ನ ಎರಡು ಗಂಟೆಯ ಪ್ರಾಕ್ಟಿಕಲ್ಲಿನಲ್ಲಿ ಅದೇ ಉಂಡೆಯನ್ನು ಬೀಜ ಎಂದು ಬರೆಸುತ್ತಿದ್ದಳು. ಹತ್ತೊಂಬತ್ತು ವರ್ಷ ಎಂಟೂವರೆಯೂ ಎರಡು ಗಂಟೆಯೂ ಒಂದರ ಮುಖ ಒಂದು ನೋಡಿರಲಿಲ್ಲ. ಬಸ್ಸು ಶಿವಮೊಗ್ಗ ಮುಟ್ಟುವಷ್ಟರಲ್ಲಿ ಅದನ್ನೆಲ್ಲ ಎಲ್ಲೋ ಒಳಗೆ ತುರುಕಿ, ಇಳಿದು, ತರಕಾರಿ ಕೊಂಡು ಮನೆಗೆ ಹೋಗಿದ್ದಳು.

ಹೊರಗಿನ ಪರೀಕ್ಷಕ ಜನಾರ್ದನ ಸರ್ ದಾವಣಗೆರೆ ಕಡೆಯ ಕಾಲೇಜಿನವರು, ಬರುವಾಗಲೇ ಮೂರೂವರೆಯ ಬಸ್ಸಿನ ಧ್ಯಾನದಲ್ಲಿದ್ದರು. ಒಳ್ಳೆಯ ಮನುಷ್ಯ, ಯಾರನ್ನೂ ಫೇಲು ಮಾಡಿದವರಲ್ಲ, ಆ ಒಳ್ಳೆಯತನವೇ ಇವಳಿಗೆ ಇವತ್ತು ತಲೆ ಚಿಟ್ಟುಹಿಡಿಸುತ್ತಿತ್ತು. "ನಿಮ್ಮ ಮ್ಯಾನ್ಯುಯಲ್ ಇಲ್ದಿದ್ರೆ ನಮ್ಮ ಹುಡುಗ್ರು ಗತಿ ಕೆಡ್ತಿದ್ರು ಮೇಡಂ," ಎಂದು ಬಂದ ಕೂಡಲೇ ಹೇಳಿದರು. ಹದಿನೆಂಟು ಮಕ್ಕಳು ಸಾಲಾಗಿ ತಟ್ಟೆಯಿಂದ ತಟ್ಟೆಗೆ ಸರಿದರು. ಶೀತಲ್ ನಾಲ್ಕನೆಯದರ ಮುಂದೆ ನಿಂತಾಗ ಶರಾವತಿ ಕಿಟಕಿಯ ಕಡೆ ತಿರುಗಿದಳು. ಹೊರಗೆ ಬೋಳು ಗಿಡ, ಅದಕ್ಕೆ ಒರಗಿಸಿಟ್ಟ ಹಾಲಸ್ವಾಮಿಯ ಸೈಕಲ್ಲು. ಬೆಲ್ಲು ಹೊಡೆದರೂ ಹುಡುಗಿ ಬರೆಯುತ್ತಲೇ ಇದ್ದಳು, ಹಿಂದಿನವನು ತಳ್ಳಿದ ಮೇಲೆ ಸರಿದಳು. ಆಮೇಲೆ ವೈವಾ, ಬಾಯಿಮಾತಿನ ಪರೀಕ್ಷೆ. ಜನಾರ್ದನ ಸರ್ ಅವಳನ್ನು ಕೂರಿಸಿಕೊಂಡು ಪೈನಿನ ಬಗ್ಗೆ ಕೇಳಿದರು, ಸುಲಭದ್ದೇ ಕೇಳಿದರು, ಆಮೇಲೆ ಇನ್ನೂ ಸುಲಭದ್ದು, ಕೊನೆಗೆ ಹೆಸರೇನಮ್ಮ ಎಂದರು. ಹುಡುಗಿ ಮೇಜಿನ ಅಂಚನ್ನು ಹಿಡಿದುಕೊಂಡು ಶರಾವತಿಯ ಬಳೆಗಳನ್ನು ನೋಡುತ್ತ ಕೂತಿದ್ದಳೇ ಹೊರತು ಒಂದಕ್ಷರ ಆಡಲಿಲ್ಲ. ಹೇಳೇ, ಹೇಳಬಾರದೇನೇ, ಎಂದು ಒಳಗೊಳಗೇ ಕುದಿದಳು ಶರಾವತಿ; ನನ್ನ ಎದುರು ಬಾಯಿ ಬಿಡಬಾರದೆಂದು ಆಣೆ ಇಟ್ಟುಕೊಂಡಿದ್ದೀಯಾ. ಜನಾರ್ದನ ಸರ್ ನಿಟ್ಟುಸಿರಿಟ್ಟು ಐದಕ್ಕೆ ಸೊನ್ನೆ ಬರೆದರು.

ಮಕ್ಕಳನ್ನು ಹೊರಗೆ ಕಳಿಸಿ ಇಬ್ಬರೂ ಉತ್ತರಪತ್ರಿಕೆ ಹಿಡಿದು ಕೂತಾಗ ಹಾಲಸ್ವಾಮಿ ಟೀ ತಂದಿಟ್ಟು ಅಲ್ಲೇ ನಿಂತ. "ಆ ಹೊಳೆಹೊನ್ನೂರಿನ ಹುಡುಗಿದು ನೋಡಿ ಮೇಡಂ. ಈ ಸಲ ಹೋದ್ರೆ ಪರೀಕ್ಷೆ ಗಿರೀಕ್ಷೆ ಸಾಕು, ನರ್ಸರಿಗೆ ಬಾ ಅಂದ್ಬಿಟ್ಟಿದಾರಂತೆ ಅವರಮ್ಮ. ಬಿ.ಎಡ್ ಮಾಡ್ಬೇಕು ಅಂತ ಇದಕ್ಕಾಸೆ." ನಿನ್ನನ್ನು ಯಾರು ಕೇಳಿದರು, ಎಂದು ಗದರಿ ಅವನನ್ನು ಕಳಿಸಿದಳು. ಆ ಹುಡುಗಿಯ ಪತ್ರಿಕೆ ಬಂದದ್ದು ಒಂಬತ್ತನೆಯದಾಗಿ. ನಾಲ್ಕನೇ ತಟ್ಟೆಯ ಉತ್ತರ ಇಂಗ್ಲಿಷಿನಲ್ಲಿ ಹೊರಟು ಎರಡನೇ ಸಾಲಿಗೇ ಕನ್ನಡಕ್ಕೆ ಇಳಿದಿತ್ತು. ಇದು ಸೈಕಸ್ಸಿನ ಬೀಜ ಅಲ್ಲ, ಓವ್ಯೂಲ್, ಅಂದರೆ ಅಂಡಕ. ಬೀಜ ಆಗಲು ಗಂಡು ಗಿಡ ಬೇಕು, ನಮ್ಮ ಕಾಲೇಜಿನ ಗಿಡ ಹಳೆ ಕಾರ್ಖಾನೆ ಕ್ವಾರ್ಟರ್ಸಿನ ಗಿಡದ ಬುಡದಲ್ಲಿ ಬಂದ ಮರಿ, ಪಾರ್ಕಿನದೂ ಆಸ್ಪತ್ರೆ ಹತ್ತಿರದ್ದೂ ಅದರದ್ದೇ ಮರಿ, ನಾನು ಹೋಗಿ ಕೇಳಿದ್ದೇನೆ, ತಾಯಿ ಹೆಣ್ಣಾದ್ದರಿಂದ ಎಲ್ಲವೂ ಹೆಣ್ಣು. ಕೆಳಗೆ ಬಿದ್ದ ಹತ್ತು ಉಂಡೆ ತಗೊಂಡು ಹೋಗಿ ಮರಳಲ್ಲಿ ಹಾಕಿದೆವು, ಒಂದೂ ಮೊಳೆಯಲಿಲ್ಲ, ಹತ್ತೂ ಕೊಳೆತವು. ಅಲ್ಲಿಗೆ ಬೆಲ್ಲು ಹೊಡೆದಿರಬೇಕು, ಕೊನೆಯ ಪದ ಓರೆಯಾಗಿ ಎಳೆದುಕೊಂಡು ಹೋಗಿತ್ತು.

ಅದರ ಮೇಲೆ ಜನಾರ್ದನ ಸರ್ ಆಗಲೇ ಕೆಂಪು ಸೊನ್ನೆ ಸುತ್ತಿದ್ದರು.

ಶರಾವತಿ ಎರಡು ಸಲ ಓದಿದಳು. ಕ್ವಾರ್ಟರ್ಸಿನ ಗಿಡ ಇವಳಿಗೆ ಗೊತ್ತಿತ್ತು, ಅಲ್ಲಿಂದ ಮರಿ ಕಿತ್ತು ತಂದದ್ದನ್ನು ಹಾಲಸ್ವಾಮಿ ನೂರು ಸಲ ಹೇಳಿದ್ದ. ತಾಯಿ ಹೆಣ್ಣಾದರೆ ಬುಡದ ಮರಿಗಳೂ ಹೆಣ್ಣೇ ಎಂದು ಪಿಯುಸಿ ಮಕ್ಕಳಿಗೂ ಗೊತ್ತು. ಗೊತ್ತಿದ್ದದ್ದನ್ನೆಲ್ಲ ಒಂದರ ಪಕ್ಕ ಒಂದಿಡಲು ಈ ಎರಡು ಜಡೆಯ ಹುಡುಗಿ ಬಿಸಿಲಲ್ಲಿ ಭದ್ರಾವತಿ ಸುತ್ತಬೇಕಾಯಿತು, ಅದೂ ಹುಡುಗರು ಹಿಂದಿನಿಂದ ಗಂಡುಮರ ಎಂದು ಕೂಗುತ್ತಿದ್ದ ದಿನಗಳಲ್ಲಿ. ಯಾವ ಪುಣ್ಯಕ್ಕೆ ಬರೆದೆಯೇ ಇದನ್ನು, ಸುಮ್ಮನೆ ಬೀಜ ಅಂತ ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ಎಂದು ಆ ಹುಡುಗಿಯ ಮೇಲೆಯೇ ಸಿಟ್ಟು ಬಂತು.

"ಸರ್, ಇದು ಸರಿ ಇದೆ," ಎಂದಳು.

"ಯಾವ್ದು?"

"ನಾಲ್ಕನೇದು. ಅದು ಬೀಜ ಅಲ್ಲ. ಇಲ್ಲಿ ಗಂಡು ಗಿಡ ಇಲ್ಲ."

ಜನಾರ್ದನ ಸರ್ ಕನ್ನಡಕ ತೆಗೆದು ಒರೆಸಿದರು. ಅವರಿಗೂ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ಹಿಡಿದಿದ್ದರೆ ಚೆನ್ನಾಗಿತ್ತು. "ಇರ್ಬೋದು ಮೇಡಂ. ಆದ್ರೆ ಮಾರ್ಕಿಂಗ್ ಸ್ಕೀಮಲ್ಲಿ ಸೀಡ್ ಅಂತಿದೆ. ನಿಮ್ಮ ಪುಸ್ತಕದಲ್ಲೇ ಇದೆ. ಈಗ ಇವಳಿಗೆ ಎರಡು ಕೊಟ್ರೆ ಮಿಕ್ಕ ಹದಿನೇಳು ಜನರ ಎರಡೆರಡು ಕಿತ್ಕೊಳ್ತೀರಾ? ಅದ್ರಲ್ಲಿ ಮೂರು ಜನ ಅಂಚಲ್ಲಿದಾರೆ. ನಮ್ಮ ಕಾಲೇಜಲ್ಲಿ ಹೋದ ವಾರ ಇದನ್ನೇ ತಟ್ಟೇಲಿ ಸ್ಪಾಟರ್ ಅಂತ ಇಟ್ಟಿದ್ದೆ, ಅವರಿಗೇನು ಹೇಳ್ಲಿ? ಇವಳದು ಟೋಟಲ್ ಎಷ್ಟು ಬಂತು?"

"ಹನ್ನೆರಡು." ಮೂವತ್ತೈದಕ್ಕೆ ಹದಿನಾಲ್ಕು ಬಂದರೆ ಪಾಸು. ರೆಕಾರ್ಡ್ ಪುಸ್ತಕ ಅರ್ಧ ಖಾಲಿ, ಆ ಮೂರು ವಾರದ ಹಾಳೆಗಳು.

"ಅಷ್ಟೇ ತಾನೆ. ವೈವಾದಲ್ಲಿ ಎರಡು ಹಾಕೋಣ. ಹುಡುಗಿ ಪಾಸಾಗ್ತಾಳೆ, ಯಾರಿಗೂ ತೊಂದ್ರೆ ಇಲ್ಲ. ನೀವು ಮುಂದಿನ ಮುದ್ರಣದಲ್ಲಿ ನಿಧಾನಕ್ಕೆ ತಿದ್ಕೊಳಿ."

ಎಷ್ಟು ಸಲೀಸಾಗಿ ಹೇಳಿಬಿಟ್ಟರು. ಇವಳು ಅಲ್ಲಗಳೆಯಬೇಕೆಂದು ಬಾಯಿ ತೆರೆದಳು, ತೆರೆದ ಬಾಯಿಗೆ ಟೀ ಹೊಯ್ದುಕೊಂಡಳು. ಹತ್ತೊಂಬತ್ತು ವರ್ಷದ ಮಕ್ಕಳು ಕಣ್ಣೆದುರು ಸಾಲುಗಟ್ಟಿದರು, ಅವರಲ್ಲಿ ಎಷ್ಟೋ ಜನ ಈಗ ತಾವೇ ಮೇಷ್ಟರಾಗಿ ಈ ಉಂಡೆಯನ್ನು ತಟ್ಟೆಯಲ್ಲಿಟ್ಟು ಬೀಜ ಎನ್ನುತ್ತಿರಬಹುದು. ಪ್ರಿನ್ಸಿಪಾಲರ ಮುಖ ಕಂಡಿತು, ಓಹೋ ಬಾಟನಿ ಮೇಡಮ್ಮಿಗೆ ಬೀಜವೇ ಗೊತ್ತಿರಲಿಲ್ಲವಂತೆ, ಎಂದು ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಹಂಚುವ ಮುಖ. ಹುಡುಗಿ ಪಾಸಾದರೆ ಸಾಕಲ್ಲ, ಅವಳಿಗೆ ಬೇಕಾದದ್ದೂ ಅದೇ ಅಲ್ಲವೇ, ನನ್ನ ಮಾನ ತೆಗೆದು ಅವಳಿಗೆ ಆಗಬೇಕಾದ್ದೇನಿದೆ. ಜನಾರ್ದನ ಸರ್ ವೈವಾದ ಸೊನ್ನೆ ಹೊಡೆದು ಎರಡು ಮಾಡಿ, ಪಕ್ಕದಲ್ಲಿ ಸಹಿ ಹಾಕಿ, ಪಟ್ಟಿಯನ್ನು ಇವಳತ್ತ ಸರಿಸಿದರು. ಇವಳೂ ಸಹಿ ಹಾಕಿದಳು. ಯೂನಿವರ್ಸಿಟಿಯ ಪೋರ್ಟಲ್ಲಿಗೆ ಅಂಕ ಏರಿಸಿದ ಮೇಲೆ ಇವಳ ಮೊಬೈಲಿಗೆ ಆರಂಕಿಯ ಓಟಿಪಿ ಬಂತು, ಅದನ್ನು ಗಟ್ಟಿಯಾಗಿ ಓದಿ ಹೇಳಿದಳು, ಕಂಪ್ಯೂಟರ್ ಸಕ್ಸಸ್ ಎಂದಿತು. ಇನ್ನು ಬ್ರಹ್ಮ ಬಂದರೂ ತಿದ್ದುವಂತಿಲ್ಲ ಎಂದು ಜನಾರ್ದನ ಸರ್ ನಗುತ್ತ ಕೈ ತೊಳೆಯಲು ಹೋದರು.

ಹೊರಗೆ ವರಾಂಡದಲ್ಲಿ ಏಳೆಂಟು ಮಕ್ಕಳು ಇನ್ನೂ ಇದ್ದರು. ನಿಶಾಂತ್ ಕಟ್ಟೆಯ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ. ಶೀತಲ್ ದೂರದ ಕಂಬಕ್ಕೆ ಆತು ನಿಂತಿದ್ದವಳು ಶರಾವತಿಯನ್ನು ಕಂಡು ನೆಟ್ಟಗಾದಳು. ಅಂಕ ಹೇಳಬಾರದು ಎಂದು ನಿಯಮವಿದೆ. ಹೋಗಲಿ ಇಷ್ಟಾದರೂ ಮಾಡೋಣ ಎಂದು ಹತ್ತಿರ ಹೋಗಿ, "ಪಾಸಾಗಿದೀಯ. ಬಿ.ಎಡ್‌ಗೆ ಅರ್ಜಿ ಹಾಕು," ಎಂದಳು.

ಹುಡುಗಿಯ ಕಣ್ಣು ತುಂಬಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳ ದನಿ ಕೇಳಿಸಿತು. "ಥ್ಯಾಂಕ್ಸ್ ಮೇಡಂ. ಹೋಗೇಬಿಟ್ಟೆ ಅಂದ್ಕೊಂಡಿದ್ದೆ. ನಾಲ್ಕನೇದು ಏನೇನೋ ಬರ್ದುಬಿಟ್ಟೆ. ಹೊರಗೆ ಬಂದು ಕೇಳಿದ್ರೆ ಎಲ್ರೂ ಬೀಜ ಅಂತಾನೇ ಬರ್ದಿದಾರೆ. ಪುಸ್ತಕದಲ್ಲೂ ನೋಡಿದೆ, ಬೀಜ ಅಂತಾನೇ ಇದೆ. ತಪ್ಪು ನಂದೇ ಮೇಡಂ. ಅಮ್ಮ ಅದನ್ನ ಕೈಯಲ್ಲಿ ತೂಗಿ ನೋಡಿ ಇದ್ರಲ್ಲಿ ಜೀವ ಇಲ್ಲ ಕಣೇ, ಹಾಕ್ಬೇಡ, ಅಂದಿದ್ಲು. ಅವಳು ಓದಿದವಳಲ್ಲ. ಅವಳ ಮಾತು ಕೇಳ್ಕೊಂಡು ಹಂಗೆ ಬರ್ದೆ."

"ಸುಮ್ನಿರೇ," ಎಂದು ಕಿರುಚಿದಳು ಶರಾವತಿ. ನಿಶಾಂತ್ ಮೊಬೈಲಿನಿಂದ ತಲೆಯೆತ್ತಿದ. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ಶರಾವತಿಗೆ ಅಳು ಬರುವಂತಾಯಿತು, ಅಳು ಬರುವಂತಾದದ್ದಕ್ಕೆ ಇನ್ನಷ್ಟು ರೇಗಿತು. "ನಿಮ್ಮಮ್ಮ ಹೇಳಿದ್ದೇ ಸರಿ. ಅದು ಬೀಜ ಅಲ್ಲ. ನೀನು ಬರ್ದಿದ್ದು ಒಂದೊಂದಕ್ಷರಾನೂ ಸರಿ ಇದೆ. ನಾನು ಹತ್ತೊಂಬತ್ತು ವರ್ಷದಿಂದ ತಪ್ಪು ಹೇಳ್ಕೊಡ್ತಾ ಇದೀನಿ. ಸೆಪ್ಟೆಂಬರಲ್ಲಿ ನೀನು ಕೇಳಿದಾಗ್ಲೂ ಸರಿಯಾಗೇ ಕೇಳಿದ್ದೆ." ಕಟ್ಟೆಯ ಕಡೆ ತಿರುಗಿ, "ಕೇಳಿಸ್ತೇನಪ್ಪ ನಿಮಗೂ," ಎಂದಳು. ಯಾರೂ ನಗಲಿಲ್ಲ. ಅವರಿಗೆ ಅರ್ಥವಾದಂತೆಯೂ ಕಾಣಲಿಲ್ಲ.

ಹೇಳಿದ್ದಾಯಿತು. ಇಷ್ಟೇ ತಾನೆ, ಹೇಳಿದರೆ ಆಕಾಶವೇನೂ ಕಳಚಿ ಬೀಳಲಿಲ್ಲವಲ್ಲ, ಎಂದು ಒಂದು ಗಳಿಗೆ ಮೈ ಹಗುರವಾಯಿತು. ಹುಡುಗಿಯ ಮುಖ ಅರಳುವುದನ್ನು ಕಾಯುತ್ತ ನಿಂತಳು. ಅದು ಅರಳಲಿಲ್ಲ. ಹುಡುಗಿ ಹುಬ್ಬು ಗಂಟಿಕ್ಕಿಕೊಂಡು, ತರಗತಿಯಲ್ಲಿ ಅಂದು ಎದ್ದು ನಿಂತಾಗ ಇದ್ದ ಮುಖದಲ್ಲೇ, ಏನನ್ನೋ ಕೂಡಿ ಕಳೆಯುತ್ತಿದ್ದಳು.

"ಹಂಗಾದ್ರೆ ಅದಕ್ಕೆ ಎರಡು ಮಾರ್ಕ್ಸ್ ಬಂತಾ ಮೇಡಂ?"

"ಇಲ್ಲ."

"ಮತ್ತೆ ಹೆಂಗೆ ಪಾಸಾದೆ?"

ಸುಳ್ಳು ಹೇಳಬಹುದಿತ್ತು. ಒಂದೂ ಹೊಳೆಯಲಿಲ್ಲ. "ವೈವಾದಲ್ಲಿ ಎರಡು ಹಾಕಿದ್ವಿ," ಎಂದಳು.

ಶೀತಲ್ ಅವಳನ್ನು ನೋಡಿದಳು, ಈ ಸಲ ಬಳೆಗಳನ್ನಲ್ಲ, ಮುಖವನ್ನು.

"ವೈವಾದಲ್ಲಿ ನಾನು ಬಾಯೇ ಬಿಡ್ಲಿಲ್ಲವಲ್ಲ ಮೇಡಂ," ಎಂದಳು.